ಶಾಲೆಯ ಬಯಲಿಗೆ ಪ್ಲಾಸ್ಟಿಕ್ ಹುಲ್ಲು ಬೇಕೆ?

ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಮಹಾಸಭೆಗೆ ಸಾಮಾನ್ಯವಾಗಿ ಬರುವವರು ಮೂವತ್ತು ನಲವತ್ತು ಮಂದಿ. ಅವರಲ್ಲಿಯೂ ಅರ್ಧದಷ್ಟು ಜನ ಚಹಾ ಆಗುತ್ತಲೇ ಬಸ್ಸಿನ ಹೊತ್ತು ನೋಡತೊಡಗುತ್ತಾರೆ. ಈ ಬಾರಿ ಮಾತ್ರ ಸಭಾಂಗಣ ತುಂಬಿ ಜಗಲಿಯಲ್ಲಿಯೂ ಜನ ನಿಂತಿದ್ದರು. ಹೊರಗೆ ಜೋರು ಮಳೆ. ಒಳಗೆ ಒಂದೇ ವಿಷಯ. ಗಲ್ಫಿನಲ್ಲಿರುವ ನಮ್ಮ ಹಳೆವಿದ್ಯಾರ್ಥಿಗಳು ಕೆಲವರು ಸೇರಿ ಶಾಲೆಯ ಆಟದ ಬಯಲಿಗೆ ಕೃತಕ ಹುಲ್ಲು, ಅಂದರೆ ಈಗ ಎಲ್ಲರ ಬಾಯಲ್ಲಿರುವ 'ಟರ್ಫ್', ಹಾಸಿಕೊಡಲು ಮುಂದೆ ಬಂದಿದ್ದಾರೆ. ಹಣದ ದೊಡ್ಡ ಪಾಲು ಅವರದು. ಉಳಿದುದನ್ನು ಊರವರು ಕೂಡಿಸಬೇಕು. ಮುಂದಿನ ನಿರ್ವಹಣೆಯ ಖರ್ಚಿಗಾಗಿ ಸಂಜೆಯ ಹೊತ್ತು ಮೈದಾನವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಬೇಕು. ಇದು ಅವರ ಸೂಚನೆ.

ಎಳೆಯ ಪ್ರಾಯದ ತಂದೆಯೊಬ್ಬರು ಎದ್ದು, "ಪೇಟೆಯ ಶಾಲೆಗಳವರು ನಾಲ್ಕು ಬಣ್ಣದ ಬಸ್ಸು ತೋರಿಸಿ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ನಮಗೂ ತೋರಿಸಲಿಕ್ಕೆ ಒಂದು ಏನಾದರೂ ಬೇಡವೇ?" ಎಂದರು. ಹಿರಿಯರೊಬ್ಬರು, "ಇದೇ ಬಯಲಿನಲ್ಲಿ ನಾನು ಆಡಿದ್ದೇನೆ, ನನ್ನ ಮಗ ಆಡಿದ್ದಾನೆ. ಮಣ್ಣಿನ ಮೇಲೆ ಜಮಖಾನೆ ಹಾಸುವ ಬುದ್ಧಿ ಈಗ ಯಾಕೆ?" ಎಂದು ಕೇಳಿದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ, ಬೀಡಿ ಕಟ್ಟಿ ಎರಡು ಮಕ್ಕಳನ್ನು ಓದಿಸುತ್ತಿರುವ ತಾಯಿಯೊಬ್ಬರು ಮೆಲ್ಲನೆ ಎದ್ದು ನಿಂತು, "ಮಾಷ್ಟ್ರೇ, ಸಂಜೆ ಬಾಡಿಗೆಗೆ ಕೊಟ್ಟರೆ ನಮ್ಮ ಮಕ್ಕಳು ಆಡುವುದು ಯಾವಾಗ?" ಎಂದರು. ಈ ಪ್ರಶ್ನೆಗೆ ವೇದಿಕೆಯಲ್ಲಿದ್ದ ಯಾರೂ ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ.

ತೀರ್ಮಾನ ಮುಂದಿನ ಸಭೆಗೆ ಹೋಯಿತು. ವಿಷಯವನ್ನು ತಿಳಿದು ಹೇಳುವ ಹೊಣೆ ನಮ್ಮ ಮೇಲೆ ಬಿತ್ತು. ತಿಳಿದುದನ್ನು ನಮ್ಮ ಸಭೆಯ ಮುಂದೆ ಮಾತ್ರವಲ್ಲ, ಈ ಪತ್ರಿಕೆಯ ಓದುಗರ ಮುಂದೆಯೂ ಇಡುತ್ತಿದ್ದೇವೆ. ಯಾಕೆಂದರೆ ಇಂದು ನಮ್ಮ ಶಾಲೆಯ ಬಾಗಿಲಿಗೆ ಬಂದ ಪ್ರಶ್ನೆ ನಾಳೆ ನಿಮ್ಮ ಮಕ್ಕಳ ಶಾಲೆಗೂ ಬರುವುದು ಖಂಡಿತ.

ಇದು ಬರಿಯ ಆಟದ ಮಾತಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಕಷ್ಟ ಓದುಗರಿಗೆ ಹೊಸತಲ್ಲ. ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆ ಎಣಿಕೆಯ ಮೇಲೆ ಡಿವಿಜನ್ನು ಉಳಿಯುವುದೋ ಅಳಿಯುವುದೋ, ಅಧ್ಯಾಪಕರ ಹುದ್ದೆ ಇರುವುದೋ ಹೋಗುವುದೋ ನಿಶ್ಚಯವಾಗುತ್ತದೆ. ಎರಡು ಮಕ್ಕಳು ಕಡಿಮೆಯಾದರೆ ಒಂದು ತರಗತಿಯೇ ಮುಚ್ಚೀತು. ಹಾಗಿರುವಾಗ ಮಕ್ಕಳನ್ನು ಸೆಳೆಯುವ ಯಾವ ದಾರಿಯನ್ನೂ ನಾವು ಹಗುರಾಗಿ ತಳ್ಳಿಹಾಕುವಂತಿಲ್ಲ. ಆ ತಂದೆಯ ಮಾತಿನಲ್ಲಿದ್ದ ಸಂಕಟ ನಿಜವಾದುದು.

ಇದು ಎಲ್ಲಿಂದ ಬಂತು?

ಕೃತಕ ಹುಲ್ಲು ಹುಟ್ಟಿದ್ದು ಅಮೆರಿಕದಲ್ಲಿ. 1965ರಲ್ಲಿ ಹ್ಯೂಸ್ಟನ್ ನಗರದಲ್ಲಿ 'ಆಸ್ಟ್ರೋಡೋಮ್' ಎಂಬ, ಮೇಲೆ ಪೂರ್ತಿ ಮಾಡು ಇರುವ ದೊಡ್ಡ ಕ್ರೀಡಾಂಗಣ ಕಟ್ಟಿದರು. ಮಾಡಿಗೆ ಪಾರದರ್ಶಕ ಹಲಗೆಗಳು. ಕೆಳಗೆ ನಿಜವಾದ ಹುಲ್ಲು. ಹಲಗೆಗಳಿಂದ ಬರುವ ಬಿಸಿಲಿನ ಝಳಕ್ಕೆ ಮೇಲೆ ಹಾರಿದ ಚೆಂಡು ಆಟಗಾರರ ಕಣ್ಣಿಗೆ ಕಾಣದಾಯಿತು. ಹಲಗೆಗೆ ಬಣ್ಣ ಬಳಿದರು. ಚೆಂಡು ಕಂಡಿತು, ಆದರೆ ಬೆಳಕು ಸಾಲದೆ ಹುಲ್ಲು ಸತ್ತಿತು. ಆಗ 1966ರಲ್ಲಿ ನೈಲಾನಿನಿಂದ ಮಾಡಿದ ಹುಲ್ಲನ್ನು ತಂದು ಹಾಸಿದರು. ಕ್ರೀಡಾಂಗಣದ ಹೆಸರೇ ಹಾಸಿಗೂ ಅಂಟಿ 'ಆಸ್ಟ್ರೋಟರ್ಫ್' ಆಯಿತು. ಹುಲ್ಲು ಬೆಳೆಯದ ಕಡೆ ಹುಲ್ಲಿಗೆ ಬದಲಿಯಾಗಿ ಬಂದ ವಸ್ತು ಇದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಭಾರತೀಯರಾದ ನಮಗೆ ಇದರ ಬಿಸಿ ತಟ್ಟಿದ್ದು ಹಾಕಿಯಲ್ಲಿ. 1928ರಿಂದ 1972ರವರೆಗೆ ಹಾಕಿಯಲ್ಲಿ ಪದಕವಿಲ್ಲದೆ ಭಾರತ ಒಂದು ಒಲಿಂಪಿಕ್ಸಿನಿಂದಲೂ ಮರಳಿರಲಿಲ್ಲ. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ಪನ್ನೂ ಗೆದ್ದೆವು. ಮರುವರ್ಷ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿ ಕೃತಕ ಹಾಸಿನ ಮೇಲೆ ಆಡಿಸಿದರು. ಆಸ್ಟ್ರೇಲಿಯದ ಎದುರು 6-1ರಿಂದ ಸೋತ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. 1982ರ ದಿಲ್ಲಿ ಏಷ್ಯಾಡಿಗಾಗಿ ನಾವೇ ಹಾಸು ತಂದು ಹಾಕಿಸಿದೆವು. ಅದರ ಮೇಲೆಯೇ ಪಾಕಿಸ್ತಾನಕ್ಕೆ 7-1ರಿಂದ ಸೋತೆವು. ನಡುವೆ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂತಾದರೂ ಹಲವು ಬಲಿಷ್ಠ ರಾಷ್ಟ್ರಗಳು ಅಲ್ಲಿಗೆ ಬಂದಿರಲಿಲ್ಲ. ಆ ಬಳಿಕದ ಒಲಿಂಪಿಕ್ ಪದಕಕ್ಕೆ 2021ರಲ್ಲಿ ನಡೆದ ಟೋಕಿಯೋ ಕೂಟದವರೆಗೆ ಕಾಯಬೇಕಾಯಿತು.

ಸೋಲಿಗೆಲ್ಲ ಹಾಸೇ ಕಾರಣವೆಂದರೆ ತಪ್ಪಾದೀತು. ಆದರೂ ಒಂದು ಮಾತು ನಿಜ. ಏರುತಗ್ಗಿನ ಹುಲ್ಲಿನಲ್ಲಿ ಚೆಂಡನ್ನು ಕೋಲಿನ ತುದಿಯಲ್ಲಿ ಕುಣಿಸುತ್ತ ಒಯ್ಯುವ ಕೈಚಳಕ ನಮ್ಮದಾಗಿತ್ತು. ಸಪಾಟಾದ ಹಾಸಿನ ಮೇಲೆ ಚೆಂಡು ನೇರವಾಗಿ, ವೇಗವಾಗಿ ಓಡುವುದರಿಂದ ಓಟದ ಬಲಕ್ಕೂ ಬೀಸುಹೊಡೆತಕ್ಕೂ ಬೆಲೆ ಬಂತು. ಐರೋಪ್ಯ ಮಕ್ಕಳು ಎಳವೆಯಲ್ಲೇ ಹಾಸಿನ ಮೇಲೆ ಕಲಿತರು. ನಮ್ಮ ಮಕ್ಕಳು ರಾಷ್ಟ್ರೀಯ ಶಿಬಿರಕ್ಕೆ ಹೋದಮೇಲೆ ಅದನ್ನು ಕಂಡರು.

ನೆರೆಯ ಕಣ್ಣೂರಿನವರಾದ ಮ್ಯಾನುವೆಲ್ ಫ್ರೆಡರಿಕ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಭಾರತದ ಗೋಲು ಕಾಯ್ದು ಕಂಚು ತಂದರು. ಹುಲ್ಲಿನ ಮೇಲೆ ನಡೆದ ಕೊನೆಯ ಒಲಿಂಪಿಕ್ ಹಾಕಿ ಅದು. ಕೇರಳದವರೇ ಆದ ಶ್ರೀಜೇಶ್ ಟೋಕಿಯೋದಲ್ಲಿಯೂ 2024ರ ಪ್ಯಾರಿಸ್ಸಿನಲ್ಲಿಯೂ ಗೋಲು ಕಾಯ್ದು ಕಂಚು ತಂದದ್ದು ಕೃತಕ ಹಾಸಿನ ಮೇಲೆ. ಕೇರಳದ ಇಬ್ಬರು ಗೋಲಿಗರ ನಡುವೆ ಒಂದು ಯುಗವೇ ಬದಲಾಗಿದೆ. ಇಂದು ಹಾಕಿಯಲ್ಲಿ ಮೇಲೆ ಬರಬೇಕೆನ್ನುವ ಮಗುವಿಗೆ ಹಾಸು ಬೇಡವೆನ್ನುವುದು ಈಜುಗಾರನಿಗೆ ನೀರು ಬೇಡ ಎಂದಂತೆ. ಕಬಡ್ಡಿಯೂ ಮಣ್ಣಿನಿಂದ ಮ್ಯಾಟಿಗೆ ಹತ್ತಿರುವುದನ್ನು ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಆಟಗಾರರು ಬಲ್ಲರು.

ಹಾಸಿನ ಒಳಗೆ ಏನಿದೆ?

ಈಗ ಫುಟ್ಬಾಲಿಗೆ ಹಾಸುವುದು ಹಿಂದಿನ ಗಿಡ್ಡ ನೈಲಾನ್ ಜಮಖಾನೆಯಲ್ಲ. ಮೊದಲು ನೆಲವನ್ನು ಅಗೆದು ಮಟ್ಟ ಮಾಡಿ, ಜಲ್ಲಿ ಹಾಕಿ ಒತ್ತುತ್ತಾರೆ. ನೀರು ಹೋಗಲು ಅಡಿಯಲ್ಲಿ ಕೊಳವೆಗಳನ್ನಿಡುತ್ತಾರೆ. ಅದರ ಮೇಲೆ, ಅನುಕೂಲವಿದ್ದಲ್ಲಿ, ಬಿದ್ದರೆ ಪೆಟ್ಟಾಗದಂತೆ ಮೆತ್ತನೆಯ ಪದರ. ಅದರ ಮೇಲೆ ಪ್ಲಾಸ್ಟಿಕ್ ಎಸಳುಗಳನ್ನು ಹೊಲಿದ ಹಾಸು. ಎಸಳಿನ ಉದ್ದ ಸುಮಾರು ನಾಲ್ಕರಿಂದ ಆರು ಸೆಂಟಿಮೀಟರ್. ಎಸಳುಗಳು ಮಲಗದೆ ನೆಟ್ಟಗೆ ನಿಲ್ಲಲು ನಡುವೆ ಮರಳು ತುಂಬಿಸಿ, ಅದರ ಮೇಲೆ ಕರಿಯ ರಬ್ಬರ್ ಕಾಳು ಹರಡುತ್ತಾರೆ. ಟರ್ಫಿನಲ್ಲಿ ಆಡಿ ಬಂದ ಹುಡುಗರ ಶೂಸಿನಿಂದ ಮನೆಯ ಜಗಲಿಯಲ್ಲಿ ಉದುರುವ ಕರಿ ಕಾಳು ಇದೇ. ಇದರಲ್ಲಿ ಬಹುಪಾಲು ಸವೆದ ವಾಹನಗಳ ಟಯರನ್ನು ಪುಡಿ ಮಾಡಿದ್ದು. ಒಂದು ಪೂರ್ಣ ಮೈದಾನಕ್ಕೆ ಇಪ್ಪತ್ತರಿಂದ ನಲವತ್ತು ಸಾವಿರ ಟಯರುಗಳ ಪುಡಿ ಬೇಕಾಗುತ್ತದೆಂದು ಅಂದಾಜು.

ಅನುಕೂಲಗಳು

ಮೊದಲು ಇದರ ಗುಣವನ್ನು ಹೇಳೋಣ. ನಮ್ಮ ಜಿಲ್ಲೆಯಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಬಯಲು ಅರ್ಧ ಕೆಸರು, ಅರ್ಧ ಕೆರೆ. ಆಟದ ಪೀರಿಯಡನ್ನು ಗಣಿತದ ಅಧ್ಯಾಪಕರಿಗೆ ಬಿಟ್ಟುಕೊಡುವುದು ರೂಢಿಯೇ ಆಗಿಹೋಗಿದೆ. ಉಪಜಿಲ್ಲಾ ಕ್ರೀಡಾಕೂಟದ ಹೊತ್ತಿಗೆ ಮಕ್ಕಳಿಗೆ ಸರಿಯಾಗಿ ಒಂದು ತಿಂಗಳ ಅಭ್ಯಾಸವೂ ಆಗಿರುವುದಿಲ್ಲ. ಚೆನ್ನಾಗಿ ಹಾಕಿದ ಟರ್ಫಿನಲ್ಲಾದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಆರಂಭಿಸಬಹುದು.

ಎರಡನೆಯದು, ದಿನವಿಡೀ ತುಳಿದರೂ ಅದು ಸಾಯುವುದಿಲ್ಲ. ನಿಜವಾದ ಹುಲ್ಲಿಗೆ ವಿಶ್ರಾಂತಿ ಬೇಕು. ಒದ್ದೆ ನೆಲದಲ್ಲಿ ಎರಡು ತಂಡ ಎರಡು ದಿನ ಆಡಿದರೆ ಗೋಲಿನ ಬಾಯಿಯಲ್ಲಿ ಹುಲ್ಲು ಕಿತ್ತುಹೋಗಿ ಹೊಂಡವಾಗುತ್ತದೆ. ಬೇಸಗೆಯಲ್ಲಿ ನೀರು ಹಾಯಿಸಬೇಕು. ಮಾರ್ಚ್ ಕಳೆದರೆ ಕುಡಿಯುವ ನೀರಿಗೇ ಬಾವಿ ತಳ ಕಾಣುವ ಊರು ನಮ್ಮದು.

ಮೂರನೆಯದು ಮೊಣಕಾಲಿನ ಮಾತು. ನಮ್ಮ ಗುಡ್ಡೆಯ ನೆಲ ಮುರಕಲ್ಲಿನದು. ಮಳೆಗೆ ಮಣ್ಣು ಕೊಚ್ಚಿಹೋದರೆ ಕಲ್ಲಿನ ಹರಳು ಮೇಲೇಳುತ್ತದೆ. ಬಿದ್ದ ಮಗುವಿನ ಮೊಣಕಾಲು ತರಚಿ ರಕ್ತ ಸುರಿಯುವುದನ್ನು ನೋಡದ ಅಧ್ಯಾಪಕರಿಲ್ಲ. ಸಪಾಟು ನೆಲದಲ್ಲಿ ಚೆಂಡು ಎಲ್ಲಿ ಪುಟಿಯುವುದೆಂದು ಮಗುವಿಗೆ ಅಂದಾಜು ಸಿಗುತ್ತದೆ, ಧೈರ್ಯ ಬರುತ್ತದೆ. ಹೆಣ್ಣುಮಕ್ಕಳು ಆಟಕ್ಕೆ ಬರುವಂತಾಗಲು ಒಳ್ಳೆಯ ಅಂಕಣ ಎಷ್ಟು ನೆರವಾಗುವುದೆಂಬುದಕ್ಕೆ ಕೋಝಿಕ್ಕೋಡಿನ ನಡಕ್ಕಾವು ಸರಕಾರಿ ಹೆಣ್ಣುಮಕ್ಕಳ ಶಾಲೆ ನಿದರ್ಶನ. ಸರಕಾರಿ ಶಾಲೆಯೊಂದು ದಾನಿಗಳ ಸಹಾಯದಿಂದ ಕೃತಕ ಹುಲ್ಲಿನ ಅಂಕಣವನ್ನೂ ಒಳಗೊಂಡು ಹೊಸ ರೂಪ ಪಡೆದದ್ದು ಇಡೀ ರಾಜ್ಯಕ್ಕೆ ತಿಳಿದ ಸಂಗತಿ.

ಇವು ಸಣ್ಣ ಗುಣಗಳಲ್ಲ. ಆದ್ದರಿಂದಲೇ ಇನ್ನೊಂದು ಮಗ್ಗುಲನ್ನೂ ಅಷ್ಟೇ ಗಮನದಿಂದ ನೋಡಬೇಕು.

ಅನನುಕೂಲಗಳು

ಮೊದಲನೆಯದು ಬಿಸಿ. ಹುಲ್ಲು ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತ ತನ್ನನ್ನು ತಂಪಾಗಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ಉಪಾಯ ಗೊತ್ತಿಲ್ಲ. ಕರಿಯ ರಬ್ಬರು ಬಿಸಿಲನ್ನು ಹೀರಿ ಇಟ್ಟುಕೊಳ್ಳುತ್ತದೆ. ಅಮೆರಿಕದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಅಳೆದು ನೋಡಿದಾಗ, ಗಾಳಿಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಹಾಸಿನ ಮೈ ಸುಮಾರು 93 ಡಿಗ್ರಿಗೆ ಏರಿತ್ತು. ನೀರು ಹಾಯಿಸಿದರೆ ತಣಿಯುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಕಾಯುತ್ತದೆ. ಪೇಟೆಯ ಟರ್ಫುಗಳಲ್ಲಿ ಸೂರ್ಯ ಮುಳುಗಿದ ಮೇಲೆಯೇ ಜನ ಸೇರುವುದು ಸುಮ್ಮನೆ ಅಲ್ಲ. ಶಾಲೆಯ ಆಟದ ಪೀರಿಯಡಾದರೋ ಹಗಲು ಎರಡು ಗಂಟೆಗೂ ಇರುತ್ತದೆ, ಮೂರಕ್ಕೂ ಇರುತ್ತದೆ. ನಮ್ಮ ಮಕ್ಕಳಲ್ಲಿ ಶೂಸು ಇಲ್ಲದವರೂ ಇದ್ದಾರೆ. ಫೆಬ್ರವರಿ, ಮಾರ್ಚ್ ತಿಂಗಳ ನಡುಹಗಲಿನಲ್ಲಿ ಬರಿಗಾಲಿನ ಮಗುವನ್ನು ಅದರ ಮೇಲೆ ಇಳಿಸುವ ಧೈರ್ಯ ನಮಗಿಲ್ಲ.

ಎರಡನೆಯದು ಗಾಯ. ಮುರಕಲ್ಲಿನ ತರಚು ಹೋಗಿ ಪ್ಲಾಸ್ಟಿಕ್ಕಿನ ಉಜ್ಜುಗಾಯ ಬರುತ್ತದೆ. ಜಾರಿ ಬಿದ್ದರೆ ಚರ್ಮ ಸುಟ್ಟಂತೆ ಸುಲಿಯುತ್ತದೆ. ಅಮೆರಿಕದ ವೃತ್ತಿಪರ ಫುಟ್ಬಾಲಿನಲ್ಲಿ 2012ರಿಂದ 2018ರವರೆಗಿನ ಲೆಕ್ಕವನ್ನು ಇಟ್ಟುಕೊಂಡು, ಯಾರೂ ತಾಗದೆಯೇ ಕಾಲಿಗಾಗುವ ಗಾಯಗಳು ಹುಲ್ಲಿಗಿಂತ ಹಾಸಿನ ಮೇಲೆ ಶೇಕಡಾ 28ರಷ್ಟು ಹೆಚ್ಚೆಂದು ಅಲ್ಲಿನ ಆಟಗಾರರ ಸಂಘ ಹೇಳಿತು. ಶೂಸಿನ ಮುಳ್ಳು ಹಾಸಿನಲ್ಲಿ ಸಿಕ್ಕಿಕೊಂಡರೆ ಹುಲ್ಲಿನಂತೆ ಅದು ಕಿತ್ತು ಬರುವುದಿಲ್ಲ, ತಿರುಚುವುದು ಮೊಣಕಾಲೇ. ನಮ್ಮ ರೀತಿಯ ಫುಟ್ಬಾಲಿನ ಬಗ್ಗೆ ನಡೆದ ಹಲವು ಅಧ್ಯಯನಗಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಆದರೂ ಆಟಗಾರರ ಒಲವು ಯಾವ ಕಡೆಗೆಂಬುದು ಸ್ಪಷ್ಟ. 2015ರ ಮಹಿಳಾ ವಿಶ್ವಕಪ್ಪನ್ನು ಕೆನಡಾದಲ್ಲಿ ಪೂರ್ತಿ ಕೃತಕ ಹಾಸಿನ ಮೇಲೆ ಆಡಿಸಲು ಹೊರಟಾಗ, ಗಂಡಸರಿಗೆ ಹುಲ್ಲು, ನಮಗೆ ಪ್ಲಾಸ್ಟಿಕ್ಕೇ ಎಂದು ಹೆಸರಾಂತ ಆಟಗಾರ್ತಿಯರು ದೂರು ಕೊಟ್ಟರು. ಕೂಟ ಹತ್ತಿರವಾದಾಗ ದೂರನ್ನು ಹಿಂತೆಗೆಯಬೇಕಾಯಿತು. 2026ರ ವಿಶ್ವಕಪ್ಪಿಗಾದರೋ, ಮಾಮೂಲಾಗಿ ಕೃತಕ ಹಾಸು ಇರುವ ಅಮೆರಿಕದ ಕ್ರೀಡಾಂಗಣಗಳಲ್ಲಿಯೂ ನಿಜವಾದ ಹುಲ್ಲನ್ನೇ ಹಾಸಬೇಕೆಂದು ಫಿಫಾ ಕಟ್ಟು ಮಾಡಿತು. ನೆದರ್ಲೆಂಡ್ಸಿನ ಅಗ್ರ ಲೀಗು 2025-26ರ ಋತುವಿನಿಂದ ಕೃತಕ ಹುಲ್ಲನ್ನು ಹೊರಗಿಟ್ಟಿತು.

ಮೂರನೆಯದು ಆ ಕರಿ ಕಾಳು. ಟಯರಿನಲ್ಲಿ ಹಲವು ರಾಸಾಯನಿಕಗಳಿವೆ. ಕ್ಯಾನ್ಸರಿಗೆ ಕಾರಣವಾಗಬಲ್ಲವೂ ಅವುಗಳಲ್ಲಿ ಸೇರಿವೆ. ಹಾಗೆಂದು ಅದರ ಮೇಲೆ ಆಡಿದವರಿಗೆಲ್ಲ ರೋಗ ಬರುವುದೆಂದಲ್ಲ. ಐರೋಪ್ಯ ಒಕ್ಕೂಟದ ರಾಸಾಯನಿಕ ಸಂಸ್ಥೆ 2017ರಲ್ಲಿ ಪರಿಶೀಲಿಸಿ, ಅಪಾಯ ತೀರ ಕಡಿಮೆ, ಆದರೆ ಆಡಿದ ಮೇಲೆ ಕೈ ತೊಳೆಯಿರಿ ಎಂದಿತು. ಕಾಳಿನಲ್ಲಿರಬಹುದಾದ ಕೆಲವು ವಿಷವಸ್ತುಗಳಿಗೆ 2022ರಿಂದ ಅಲ್ಲಿ ಬಿಗಿಯಾದ ಮಿತಿ ಬಂದಿದೆ.

ಹೆಚ್ಚು ಖಚಿತವಾದ ಅಪಾಯ ನೀರಿಗೂ ಮಣ್ಣಿಗೂ ಆಗುವುದು. ಕಾಳು ಶೂಸಿನಲ್ಲಿ, ಗಾಳಿಯಲ್ಲಿ, ಮಳೆನೀರಿನಲ್ಲಿ ಹೊರಗೆ ಹೋಗುತ್ತಲೇ ಇರುತ್ತದೆ. ಹೋದಷ್ಟನ್ನು ಮತ್ತೆ ತುಂಬಿಸುತ್ತಲೇ ಇರಬೇಕು. ಐರೋಪ್ಯ ಮೈದಾನಗಳಿಂದ ವರ್ಷಕ್ಕೆ 16 ಸಾವಿರ ಟನ್ನಿನಷ್ಟು ಕಾಳು ಹೀಗೆ ಪರಿಸರಕ್ಕೆ ಸೇರಬಹುದೆಂದು ಅದೇ ಸಂಸ್ಥೆಯ ಅಂದಾಜು. ಆದ್ದರಿಂದ 2023ರಲ್ಲಿ ಐರೋಪ್ಯ ಒಕ್ಕೂಟ ಮೈದಾನಕ್ಕೆ ತುಂಬುವ ಇಂತಹ ಕಾಳಿನ ಮಾರಾಟಕ್ಕೇ ನಿಷೇಧ ವಿಧಿಸಿತು. ಎಂಟು ವರ್ಷದ ಅವಧಿ ಕೊಟ್ಟಿರುವುದರಿಂದ ಅದು ಪೂರ್ತಿ ಜಾರಿಗೆ ಬರುವುದು 2031ರ ಅಕ್ಟೋಬರಿನಲ್ಲಿ. ಅಲ್ಲಿ ಬೇಡವಾದ ವಸ್ತು ಅಗ್ಗದ ದರದಲ್ಲಿ ಎಲ್ಲಿಗೆ ಬಂದೀತೆಂದು ಊಹಿಸಲು ಹೆಚ್ಚಿನ ವಿದ್ಯೆ ಬೇಕಿಲ್ಲ.

ಇಲ್ಲಿ ಒಂದು ಹಳೆಯ ನೆನಪನ್ನು ತರದೆ ಇರಲಾರೆವು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದಾಗ, ಅದು ಸೊಳ್ಳೆಯಂತಹ ಕೀಟಕ್ಕೆ ಮಾತ್ರ ಮದ್ದು, ಮನುಷ್ಯರಿಗೇನೂ ಆಗದೆಂದು ನಂಬಿದ್ದೆವು. ಎಣ್ಮಕಜೆಯ ಪಡ್ರೆಯ ಮನೆಗಳಲ್ಲಿ ಏನಾಯಿತೆಂಬುದನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ರಬ್ಬರ್ ಕಾಳನ್ನು ಎಂಡೋಸಲ್ಫಾನಿಗೆ ಸಮ ಎಂದು ನಾವು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ. ಆದರೆ ಗುಡ್ಡೆಯ ಮೇಲೆ ಹಾಕಿದ್ದು ಕೆಳಗಿನ ಬಾವಿಗೆ, ಸುರಂಗಕ್ಕೆ, ತೋಡಿಗೆ ಇಳಿಯುತ್ತದೆಂಬ ಪಾಠವನ್ನು ನಮ್ಮಷ್ಟು ದುಬಾರಿ ಬೆಲೆ ಕೊಟ್ಟು ಕಲಿತ ಜಿಲ್ಲೆ ಇನ್ನೊಂದಿಲ್ಲ. ಕೊಡುವವರಲ್ಲಿ "ಇದರೊಳಗೆ ಏನಿದೆ? ಪರೀಕ್ಷೆಯ ವರದಿ ಎಲ್ಲಿದೆ?" ಎಂದು ಕೇಳುವುದು ಕೃತಘ್ನತೆಯಲ್ಲ.

ಲೆಕ್ಕದ ಪುಸ್ತಕ

ಅಧ್ಯಾಪಕರಾದ ಕಾರಣ ಒಂದು ಲೆಕ್ಕ ಮಾಡಿ ನೋಡಿದೆವು. ಅಂತರರಾಷ್ಟ್ರೀಯ ಅಳತೆಯ ಫುಟ್ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ 7,140 ಚದರ ಮೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹಾಗಾದರೆ ಅಷ್ಟು ಜಾಗದ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಸುಮಾರು ಎರಡೂವರೆ ಕೋಟಿ ಲೀಟರ್. ಹುಲ್ಲಿನ ಬಯಲಾದರೆ ಇದರಲ್ಲಿ ಒಂದು ಪಾಲು ನೆಲಕ್ಕೆ ಇಂಗಿ ಶಾಲೆಯ ಬಾವಿಗೆ ಬರುತ್ತದೆ. ಟರ್ಫಾದರೆ ಅಡಿಯ ಕೊಳವೆಗಳು ಅದನ್ನು ಬೇಗ ಬೇಗನೆ ಹೊರಗೆ ಸಾಗಿಸುತ್ತವೆ. ಅದರ ಹೆಚ್ಚುಗಾರಿಕೆಯೇ ಅದು. ಆ ನೀರಿಗೆ ಇಂಗುಗುಂಡಿ ಮಾಡದಿದ್ದರೆ ಕಾಳನ್ನೂ ಹೊತ್ತುಕೊಂಡು ತೋಡಿಗೆ, ತೋಡಿನಿಂದ ಶಿರಿಯಾ ಹೊಳೆಗೋ ಮೊಗ್ರಾಲು ಹೊಳೆಗೋ, ಅಲ್ಲಿಂದ ಸಮುದ್ರಕ್ಕೆ.

ಇನ್ನು ಹಣದ ಲೆಕ್ಕ. ದಾನಿಗಳು ಒಮ್ಮೆ ಹಾಸಿಕೊಡಬಹುದು. ಆದರೆ ಹಾಸಿನ ಆಯುಸ್ಸು ಸಾಮಾನ್ಯವಾಗಿ ಎಂಟು ಹತ್ತು ವರ್ಷ. ಬಿಸಿಲು ಬಿರುಸಾಗಿದ್ದಲ್ಲಿ, ನಿಗಾ ಕಡಿಮೆಯಾದಲ್ಲಿ ಇನ್ನೂ ಬೇಗ ಎಸಳು ಉದುರುತ್ತದೆ. ಆಮೇಲೆ ಅದನ್ನು ಕಿತ್ತು ಹೊಸತು ಹಾಕಬೇಕು. ಕಿತ್ತ ಪ್ಲಾಸ್ಟಿಕ್ಕೂ ಮರಳೂ ರಬ್ಬರೂ ಬೆರೆತ ಟನ್ನುಗಟ್ಟಲೆ ಹೊರೆಯನ್ನು ಎಲ್ಲಿ ಹಾಕುವುದು? ಹರಿದ ಕುರ್ಚಿಯನ್ನೇ ವಿಲೇವಾರಿ ಮಾಡಲು ಮೂರು ಕಾಗದ ಬರೆಯಬೇಕಾದ ಸರಕಾರಿ ಶಾಲೆಯಲ್ಲಿ ಇದರ ಗತಿಯೇನು? ಇಂದು ಎಂಟನೆಯ ತರಗತಿಯಲ್ಲಿರುವ ಮಗು ಮುಂದೆ ತಾನೇ ಗಲ್ಫಿಗೆ ಹೋಗಿ ಹಣ ಕಳುಹಿಸಿ ಹೊಸ ಹಾಸು ಹಾಕಿಸಬೇಕಾದೀತು.

ಈ ಖರ್ಚು ಇರುವುದರಿಂದಲೇ ಬಾಡಿಗೆಯ ಮಾತು ಬಂದದ್ದು. ಬಾಡಿಗೆ ಎಂದಮೇಲೆ ಬೇಲಿ, ಬೇಲಿ ಎಂದಮೇಲೆ ಬೀಗ. ಪೇಟೆಯ ಖಾಸಗಿ ಟರ್ಫುಗಳಲ್ಲಿ ಗಂಟೆಗೆ ಸಾವಿರ ರೂಪಾಯಿಯ ಆಚೆ ಈಚೆ ಬಾಡಿಗೆ ಇದೆ. ಕೆಲಸಕ್ಕೆ ಹೋಗುವ ಯುವಕರು ಹತ್ತು ಮಂದಿ ಸೇರಿ ಅದನ್ನು ಕೊಟ್ಟಾರು. ಕೊಡಲಿ, ಆಡಲಿ, ಅದು ಒಳ್ಳೆಯ ಹವ್ಯಾಸವೇ. ಆದರೆ ಬೀಡಿ ಕಟ್ಟುವ ಆ ತಾಯಿಯ ಮಗ ಎಲ್ಲಿಂದ ತಂದಾನು? ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಇಂದು ನಮ್ಮ ಬಯಲಿನಲ್ಲಿ ಒಂದು ಮೂಲೆಯಲ್ಲಿ ಫುಟ್ಬಾಲು, ಇನ್ನೊಂದರಲ್ಲಿ ಕ್ರಿಕೆಟ್ಟು, ಮರದ ಬುಡದಲ್ಲಿ ಸಣ್ಣವರ ಕುಂಟೆಬಿಲ್ಲೆ. ಕನ್ನಡ ಡಿವಿಜನ್ನಿನವರು, ಮಲಯಾಳ ಡಿವಿಜನ್ನಿನವರು ಒಟ್ಟಿಗೆ ಆಡುವ ಜಾಗವೂ ಅದೊಂದೇ. ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲವೂ ಒಂದೇ ಚೆಂಡಿನ ಹಿಂದೆ ಓಡುತ್ತವೆ. ಅದಕ್ಕೆ ಚೀಟಿಯಿಲ್ಲ, ಕಾಸಿಲ್ಲ, ಕಾವಲುಗಾರನಿಲ್ಲ. 2024ರ ಏಪ್ರಿಲಿನಲ್ಲಿ ಕೇರಳ ಹೈಕೋರ್ಟು, ಆಟದ ಬಯಲು ಶಿಕ್ಷಣದ ಅಂಗವೆಂದೂ ನಿಯಮದಂತೆ ಬಯಲಿಲ್ಲದ ಶಾಲೆಗಳನ್ನು ಮುಚ್ಚಲೂಬಹುದೆಂದೂ ಹೇಳಿದ್ದು ನೆನಪಿರಬಹುದು. ಬಯಲಿದ್ದೂ ಅದಕ್ಕೆ ಬೀಗವಿದ್ದರೆ ಶಾಲೆಗೆ ಬಯಲಿದ್ದಂತಾಯಿತೆ?

ನಮ್ಮ ಹಿತ್ತಿಲಿನ ಗರಿಕೆ

ಹಾಗಾದರೆ ಕೆಸರಿನಲ್ಲಿಯೇ ಇರಿ ಎನ್ನುವುದೇ? ಖಂಡಿತ ಅಲ್ಲ. ಓದುವಾಗ ನಮಗೆ ಅಚ್ಚರಿ ತಂದ ಸಂಗತಿಯೊಂದಿದೆ. ಬಿಸಿಲಿನ ದೇಶಗಳ ದೊಡ್ಡ ಕ್ರೀಡಾಂಗಣಗಳಲ್ಲಿ 'ಬರ್ಮುಡಾ ಹುಲ್ಲು' ಎಂದು ಬೆಳೆಸುವುದು ಬೇರೇನೂ ಅಲ್ಲ, ನಮ್ಮ ಗರಿಕೆಯ ಜಾತಿಯೇ. ಅದರ ಸುಧಾರಿತ ತಳಿಗಳು. ಗಣಪತಿಗೆ ಏರಿಸಲು ಅಂಗಳದಿಂದ ಕಿತ್ತು ತರುವ ಹುಲ್ಲು ಜಗತ್ತಿನ ಶ್ರೇಷ್ಠ ಆಟಗಾರರ ಕಾಲಿನಡಿ ಇದೆ. ಬಿಸಿಲು ತಾಳುತ್ತದೆ, ತುಳಿತ ತಾಳುತ್ತದೆ, ಒಣಗಿದಂತೆ ಕಂಡರೂ ಮಳೆ ಬಿದ್ದೊಡನೆ ಚಿಗುರುತ್ತದೆ.

ನಮ್ಮ ಬಯಲಿನ ರೋಗ ಹುಲ್ಲಿಲ್ಲದಿರುವುದಲ್ಲ, ನೀರು ನಿಲ್ಲುವುದು. ನಡುಭಾಗ ತುಸು ಎತ್ತರವಾಗಿ, ನೂರು ಅಡಿಗೆ ಒಂದಡಿಯಷ್ಟು ಇಳಿಜಾರು ಎರಡೂ ಬದಿಗೆ ಇರುವಂತೆ ಮಣ್ಣು ಮಟ್ಟ ಮಾಡಬೇಕು. ಬದಿಗಳಲ್ಲಿ ಜಲ್ಲಿ ತುಂಬಿದ ಚರಂಡಿ, ಅದರ ಕೊನೆಗೆ ಬಾವಿಯ ಮೇಲುಗಡೆ ಇಂಗುಗುಂಡಿ. ಮೇಲೆದ್ದ ಕಲ್ಲು ಹೆಕ್ಕಿ, ಮರಳು ಬೆರೆಸಿದ ಮಣ್ಣು ಹರಡಿ, ಮಳೆ ಸ್ವಲ್ಪ ಇಳಿದಾಗ ಗರಿಕೆಯ ಬೇರುತುಂಡು ನೆಡಬೇಕು. ಅಂಚಿನ ದರೆ ಕುಸಿಯದಂತೆ ನಮ್ಮ ರಾಜ್ಯದಲ್ಲೇ ಸಿಗುವ ತೆಂಗಿನ ನಾರಿನ ಜಾಲ ಹಾಸಬಹುದು. ಗೋಲುಕಂಬಗಳನ್ನು ಆಗಾಗ ಜಾಗ ಬದಲಿಸಿದರೆ ಒಂದೇ ಕಡೆ ಹೊಂಡ ಬೀಳುವುದಿಲ್ಲ. ಇದು ಮೊದಲ ವರ್ಷ ಶ್ರಮದ ಕೆಲಸ, ಆಮೇಲೆ ವರ್ಷವರ್ಷವೂ ನಿಗಾದ ಕೆಲಸ. ಆಷಾಢದ ಮಳೆಯಲ್ಲಿ ಟರ್ಫಿನಷ್ಟು ಬೇಗ ಅದು ಒಣಗಲಾರದು. ಕೆಲವು ದಿನ ಆಟ ನಿಲ್ಲಿಸಲೇಬೇಕಾದೀತು. ಆದರೆ ಹತ್ತು ವರ್ಷ ಕಳೆದಾಗ ಕಿತ್ತೆಸೆಯಬೇಕಾದುದು ಏನೂ ಇರುವುದಿಲ್ಲ.

ನೆರೆಯ ಕೊಡಗಿನವರು ಎರಡನ್ನೂ ಹೇಗೆ ಇಟ್ಟುಕೊಂಡಿದ್ದಾರೆಂದು ನೋಡಿರಿ. ಮೇಲ್ಮಟ್ಟದ ಹಾಕಿಗೆ ಮಕ್ಕಳನ್ನು ತಯಾರು ಮಾಡಲು ಪೊನ್ನಂಪೇಟೆಯಲ್ಲಿ ಟರ್ಫ್ ಇದೆ. ಆದರೆ 1997ರಿಂದ ನಡೆದುಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನೂರಾರು ಕುಟುಂಬಗಳ ತಂಡಗಳು, ಅಜ್ಜನೂ ಮೊಮ್ಮಗಳೂ ಸೇರಿ, ಇಳಿಯುವುದು ಸಾದಾ ಬಯಲಿಗೇ. ಸ್ಪರ್ಧೆಗೆ ಹಾಸು, ಎಲ್ಲರ ಆಟಕ್ಕೆ ಬಯಲು.

ನಮ್ಮ ಅಭಿಪ್ರಾಯ

ನಮ್ಮ ಅಭಿಪ್ರಾಯವೂ ಇದೇ. ಜಿಲ್ಲೆಗೆ ಒಂದೆರಡು ಕಡೆ, ತರಬೇತುದಾರರೂ ದೀಪವೂ ನೀರೂ ಇರುವಲ್ಲಿ, ಒಳ್ಳೆಯ ಟರ್ಫ್ ಬೇಕೇ ಬೇಕು. ಅಲ್ಲಿಗೆ ಗಡಿಭಾಗದ ಶಾಲೆಗಳ ಮಕ್ಕಳಿಗೂ ಸರದಿಯ ದಿನ, ಬಸ್ಸಿನ ಏರ್ಪಾಡು ಸಿಗಬೇಕು. ಆದರೆ ಒಂದು ಶಾಲೆಗೆ ಇರುವ ಒಂದೇ ಬಯಲನ್ನು ಪೂರ್ತಿಯಾಗಿ ಪ್ಲಾಸ್ಟಿಕ್ಕಿನಿಂದ ಮುಚ್ಚಬಾರದು. ದಾನಿಗಳ ಹಣವನ್ನು ಬಯಲಿನ ನೀರು ಬಿಡಿಸಲು, ಗರಿಕೆ ನೆಡಲು, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ ಕಟ್ಟಲು, ಎಲ್ಲಕ್ಕಿಂತ ಮೊದಲು ಮಕ್ಕಳಿಗೆ ಶೂಸು ಕೊಡಿಸಲು ವಿನಿಯೋಗಿಸೋಣ.

ಟರ್ಫೇ ಬೇಕೆಂದು ಸಭೆ ತೀರ್ಮಾನಿಸಿದರೆ ನಮ್ಮ ತಕರಾರಿಲ್ಲ. ಆದರೆ ಅದು ಬಯಲಿನ ಒಂದು ಮೂಲೆಯಲ್ಲಿ, ಐದೈದು ಮಂದಿ ಆಡುವಷ್ಟು ಸಣ್ಣದಾಗಿರಲಿ. ಟಯರಿನ ಕಾಳಿನ ಬದಲು ತೆಂಗಿನ ನಾರು, ಕಾರ್ಕ್ ಮೊದಲಾದುವನ್ನು ತುಂಬುವ ಕ್ರಮ ಈಗ ಇದೆ, ಅದನ್ನೇ ಕೇಳೋಣ. ನೀರು ಹೊರಹೋಗುವಲ್ಲಿ ಜಾಲರಿಯೂ ಇಂಗುಗುಂಡಿಯೂ ಇರಲಿ. ಹತ್ತು ವರ್ಷದ ಬಳಿಕದ ಖರ್ಚಿಗೆ ಇಂದೇ ಬ್ಯಾಂಕಿನಲ್ಲಿ ಠೇವಣಿ ಇಡೋಣ. ಸಂಜೆ ಆರರವರೆಗೆ ಶಾಲೆಯ ಮಕ್ಕಳಿಗೆ ಕಾಸಿಲ್ಲದೆ ಬಿಟ್ಟುಕೊಡುವುದೆಂಬ ಷರತ್ತನ್ನು ಬಾಗಿಲ ಬಳಿ ಫಲಕದಲ್ಲಿ ಬರೆಸೋಣ. ಆ ಫಲಕದಲ್ಲಿ ಮಲಯಾಳದ ಜೊತೆಗೆ ಕನ್ನಡವೂ ಇರಲಿ. ಹೈಸ್ಕೂಲು ಜಿಲ್ಲಾ ಪಂಚಾಯತಿನ ಅಧೀನದಲ್ಲಿರುವುದರಿಂದ ಇದೆಲ್ಲ ಅವರ ಒಪ್ಪಿಗೆಯ ಪತ್ರದಲ್ಲಿಯೇ ಬರಬೇಕು. ಬಾಯಿಮಾತು ಸಾಲದು.

ಇನ್ನು, ತೋರಿಸಲು ಏನಾದರೂ ಬೇಕು ಎಂದ ಆ ತಂದೆಗೆ ಒಂದು ಮಾತು. ಹಸುರು ಹಾಸಿನ ಚಿತ್ರ ನೋಡಿ ಶಾಲೆಗೆ ಸೇರಿಸುವವರು ಒಂದು ವರ್ಷ ಬಂದಾರು. ಅದಕ್ಕಿಂತ ಚಂದದ ಹಾಸು ಇನ್ನೊಂದು ಕಡೆ ಬಂದರೆ ಮರುವರ್ಷ ಅಲ್ಲಿಗೆ ಹೋದಾರು. ಆ ಪೈಪೋಟಿಯಲ್ಲಿ ನಮ್ಮಂತಹ ಶಾಲೆಗಳು ಗೆಲ್ಲಲಾರವು. ದಿನವೂ ಬೆವರಿ, ನಕ್ಕು, ಹಸಿದು ಮನೆಗೆ ಬರುವ ಮಗುವನ್ನು ನೋಡಿದ ನೆರೆಮನೆಯವರು ತಮ್ಮ ಮಗುವನ್ನೂ ಅದೇ ಶಾಲೆಗೆ ಕಳುಹಿಸುವುದನ್ನು ನಾವು ಇಷ್ಟು ವರ್ಷಗಳಲ್ಲಿ ಹಲವು ಬಾರಿ ಕಂಡಿದ್ದೇವೆ.

ಮುಂದಿನ ಸಭೆಯ ದಿನ ಗೊತ್ತಾಗಿದೆ. ಆ ತಾಯಿ ಅಂದೂ ಬರುತ್ತಾರೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಈ ಸಲ ಉತ್ತರ ಕೊಡದೆ ಕುಳಿತುಕೊಳ್ಳಲು ನಮಗೆ ಸಾಧ್ಯವಿಲ್ಲ. ಹಾಸು ಬರಲಿ, ಗರಿಕೆ ಬರಲಿ, ಸಂಜೆ ನಾಲ್ಕಕ್ಕೆ ಗಂಟೆ ಹೊಡೆದಾಗ ಅವರ ಮಗ ಯಾರನ್ನೂ ಕೇಳದೆ ಬಯಲಿಗೆ ಓಡುವಂತಿರಬೇಕು. ನಿಮ್ಮ ಶಾಲೆಯಲ್ಲಿ ಈ ಮಾತು ಬಂದಾಗ ಓದುಗರು ಕೂಡ ಮೊದಲು ಇದನ್ನೇ ಕೇಳಬೇಕೆಂದು ನಮ್ಮ ವಿನಂತಿ.